ಟಿವಿ ಪಕ್ಕದ ಕಂಪ್ಯೂಟರಿನ ಸದ್ದು ಅಡಗಿಸೋದು ಹೇಗೆ? ಕಡಿಮೆ ಖರ್ಚಿನ ದಾರಿ

ಟಿವಿಗೆ ಒಂದು ಹಳೇ ಕಂಪ್ಯೂಟರ್ ಸಿಕ್ಕಿಸಿಕೊಂಡು ಅದರಲ್ಲೇ ಸಿನಿಮಾ, ಹಾಡು, ಯೂಟ್ಯೂಬ್ ಎಲ್ಲ ನೋಡುವ ಮನೆಗಳು ನಮ್ಮ ತುಮಕೂರಲ್ಲಿ ಬೇಕಾದಷ್ಟಿವೆ. ಸ್ಮಾರ್ಟ್ ಟಿವಿ ಬಂದ ಮೇಲೂ ಇದರ ಅನುಕೂಲ ಹೋಗಿಲ್ಲ. ಮದುವೆ ವಿಡಿಯೋ, ಡಿವಿಡಿಯಿಂದ ಇಳಿಸಿಟ್ಟ ಸಿನಿಮಾ, ಅಜ್ಜನ ಕಾಲದ ಕ್ಯಾಸೆಟ್‌ನಿಂದ ತುಂಬಿಕೊಂಡ ರಂಗಗೀತೆ, ಎಲ್ಲ ಒಂದೇ ಕಡೆ ಇರುತ್ತವೆ. ನೆಟ್ ಹೋದರೂ ಓಡುತ್ತವೆ. ಗೋಳು ಒಂದೇ, ಸದ್ದು. ಸಿನಿಮಾದಲ್ಲಿ ಇಬ್ಬರು ಮೆಲ್ಲಗೆ ಮಾತಾಡುವ ಜಾಗ ಬಂದರೆ ಸಾಕು, ಪಕ್ಕದಲ್ಲಿ ಗೊರ್ ಅಂತ ಶುರುವಾಗುತ್ತದೆ. ನಾವು ವಾಲ್ಯೂಮ್ ಏರಿಸುತ್ತೇವೆ, ಮುಂದಿನ ಫೈಟಿಗೆ ಮಲಗಿದ್ದ ಮಗು ಎದ್ದು ಕೂರುತ್ತದೆ.

ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಹಳೇ ನಾಟಕದ ಹಾಡುಗಳನ್ನು ಜೋಪಾನ ಮಾಡಿಟ್ಟುಕೊಂಡವರು ಇಲ್ಲಿ ಇನ್ನೂ ಇದ್ದಾರೆ. ಅಂಥ ರೆಕಾರ್ಡಿಂಗ್‌ಗಳಲ್ಲಿ ಮೊದಲೇ ಸುಯ್ ಅನ್ನುವ ಸದ್ದು ಇರುತ್ತದೆ. ಅದರ ಮೇಲೆ ಫ್ಯಾನಿನದ್ದೂ ಸೇರಿದರೆ ಹಿಂದೆ ನುಡಿಸುತ್ತಿರುವ ಲೆಗ್ ಹಾರ್ಮೋನಿಯಂ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ನನಗೆ ಇದು ಸಣ್ಣ ವಿಷಯ ಅಲ್ಲ.

ಸದ್ದು ಕಡಿಮೆ ಮಾಡಬೇಕು ಅಂದ ಕೂಡಲೇ ಎಲ್ಲರೂ ದುಬಾರಿ ಫ್ಯಾನ್ ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಫ್ಯಾನ್ ಜೋರಾಗಿ ತಿರುಗುವುದು ಒಳಗೆ ಬಿಸಿ ಇರುವುದರಿಂದ. ಬಿಸಿಯನ್ನು ತಗ್ಗಿಸಿದರೆ ಈಗಿರುವ ಫ್ಯಾನೇ ನಿಧಾನಕ್ಕೆ ತಿರುಗುತ್ತದೆ. ಕೆಳಗೆ ಹೇಳಿರುವುದನ್ನೆಲ್ಲ ಇದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ಮೊದಲು ಬಿಡಿಗಾಸಿಲ್ಲದೆ ಆಗುವ ಕೆಲಸ, ಆಮೇಲೆ ಚಿಲ್ಲರೆ ಕಾಸಿನದು, ಅದೂ ಸಾಲದಿದ್ದರೆ ಮಾತ್ರ ಅಂಗಡಿ.

ಮೊದಲು ಕಿವಿಗೊಟ್ಟು ಕೇಳಿ

ಇದನ್ನು ರಾತ್ರಿ ಮಾಡಿ. ಬಿ.ಎಚ್. ರಸ್ತೆಯ ಲಾರಿ ಸದ್ದು ತಗ್ಗಿದ ಮೇಲೆ, ಸೀಲಿಂಗ್ ಫ್ಯಾನ್ ಆಫ್ ಮಾಡಿ, ಟಿವಿ ಮ್ಯೂಟ್ ಮಾಡಿ. ಹಗಲಲ್ಲಿ ಸೀಲಿಂಗ್ ಫ್ಯಾನ್ ಓಡುವಾಗ ಯಾವ ಕಂಪ್ಯೂಟರ್ ಆದರೂ ಸುಮ್ಮನಿರುವ ಹಾಗೇ ಕಾಣುತ್ತದೆ, ಮೋಸಹೋಗಬೇಡಿ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಒಳಗೆ ಸದ್ದು ಮಾಡುವ ಜಾಗ ಸಾಮಾನ್ಯವಾಗಿ ನಾಲ್ಕೈದು: ಪ್ರೊಸೆಸರ್ ಮೇಲಿನ ಫ್ಯಾನ್, ಕ್ಯಾಬಿನೆಟ್ ಹಿಂದಿನ ಫ್ಯಾನ್, ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಒಳಗಿನ ಫ್ಯಾನ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಫ್ಯಾನ್. ಒಂದು ಕ್ಯಾಲೆಂಡರನ್ನು ಕೊಳವೆ ಥರ ಸುತ್ತಿ ಒಂದು ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಒಂದೊಂದರ ಹತ್ತಿರ ಹಿಡಿಯಿರಿ. ಯಾವುದರ ಸದ್ದು ಎಷ್ಟು ಅನ್ನುವುದು ಚೆನ್ನಾಗಿ ಬಿಡಿಸಿ ಕೇಳಿಸುತ್ತದೆ. ಇನ್ನೂ ಅನುಮಾನ ಇದ್ದರೆ ಫ್ಯಾನಿನ ನಡುವಿನ ಗುಂಡು ಭಾಗದ ಮೇಲೆ ಪೆನ್ಸಿಲಿನ ರಬ್ಬರ್ ತುದಿಯನ್ನು ಮೆಲ್ಲಗೆ ಒತ್ತಿ ಎರಡು ಮೂರು ಸೆಕೆಂಡ್ ನಿಲ್ಲಿಸಿ ನೋಡಿ. ರೆಕ್ಕೆಗೆ ಬೆರಳು ಕೊಡಬೇಡಿ. ಎಸ್‌ಎಂಪಿಎಸ್ ಒಳಕ್ಕಂತೂ ಏನನ್ನೂ ತೂರಿಸಬೇಡಿ.

ಸದ್ದಿನ ಜಾತಿ ಗೊತ್ತುಮಾಡಿಕೊಳ್ಳಿ. ಸುಯ್ ಅಂದರೆ ಗಾಳಿ. ಕರಕರ ಅಂದರೆ ಫ್ಯಾನಿನ ಬೇರಿಂಗ್ ಸವೆದಿದೆ, ಇಲ್ಲವೇ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ. ಕಿವಿಗಿಂತ ಹೆಚ್ಚಾಗಿ ಟೇಬಲ್ ಮುಟ್ಟಿದ ಕೈಗೇ ಗೊತ್ತಾಗುವ ದಪ್ಪ ಗುಂಯ್ ಅನ್ನುವುದು ಹಾರ್ಡ್ ಡಿಸ್ಕಿನ ನಡುಕ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸಲ ಕ್ಯಾಬಿನೆಟ್ಟನ್ನು ಅಲುಗಿಸುತ್ತದೆ, ಆ ಗುಂಯ್ ಬರುವುದು ಅಲ್ಲಿಂದ. ಸಣ್ಣಗೆ ಕಿರ್ ಅಂದು, ಮೌಸ್ ಆಡಿಸಿದಾಗ ಅದರ ಶ್ರುತಿ ಬದಲಾದರೆ ಅದು ಮದರ್‌ಬೋರ್ಡಿನ ಕಾಯಿಲ್, ಅಂದರೆ ತಂತಿ ಸುರುಳಿಯದು.

ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ತುಂಬಾ ದುಡ್ಡು ಉಳಿಯುತ್ತದೆ. ಒಂದೇ ಸಮ ಸದ್ದು ಮಾಡುವ ಎರಡು ಫ್ಯಾನ್‌ಗಳಲ್ಲಿ ಒಂದನ್ನು ಪೂರ್ತಿ ಕಿತ್ತುಹಾಕಿದರೂ ತಗ್ಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧ ಆಯಿತು ಅನ್ನಿಸಬೇಕಾದರೆ ಹೆಚ್ಚುಕಮ್ಮಿ 10 ಡೆಸಿಬೆಲ್ ಇಳಿಯಬೇಕು. ಅಂದರೆ ಎಲ್ಲಕ್ಕಿಂತ ಜೋರಾಗಿರುವುದು ಹಾಗೇ ಇರುವಾಗ ಮಿಕ್ಕಿದ್ದರ ಮೇಲೆ ಎಷ್ಟು ಖರ್ಚು ಮಾಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ಸದ್ದನ್ನು ಮೊದಲು ಹಿಡಿಯಿರಿ. ಅದು ಅಡಗಿದ ಮೇಲೆ ಅದರ ಹಿಂದೆ ಅವಿತಿದ್ದ ಎರಡನೆಯದು ಕೇಳಿಸುತ್ತದೆ. ಆಗ ಅದಕ್ಕೆ ಕೈಹಾಕಿ.

ಧೂಳು ತೆಗೆಯಿರಿ

ಬೇಸಿಗೆಯಲ್ಲಿ ಶಿರಾ ಗೇಟ್ ಕಡೆ ಒಂದು ಸಂಜೆ ಕಿಟಕಿ ತೆರೆದಿಟ್ಟರೆ ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಇದೇ ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್‌ನ ತಗಡುಗಳ ನಡುವೆ ಕೂದಲಿನ ಜತೆ ಸೇರಿ ಕಂಬಳಿ ಥರ ಮೆತ್ತಿಕೊಳ್ಳುತ್ತದೆ. ಗಾಳಿ ಒಳಗೆ ಹೋಗದೆ ಪ್ರೊಸೆಸರ್ ಬಿಸಿಯಾಗುತ್ತದೆ, ಬೋರ್ಡು ಫ್ಯಾನಿಗೆ ಇನ್ನೂ ಜೋರಾಗಿ ತಿರುಗು ಅನ್ನುತ್ತದೆ. ಎರಡು ಮೂರು ವರ್ಷ ಬಾಗಿಲು ತೆಗೆಯದ ಕಂಪ್ಯೂಟರಿಗೆ ಬೇರೇನೂ ಮಾಡದೆ ಧೂಳೊಂದನ್ನು ತೆಗೆದರೂ ಎದ್ದು ಕಾಣುವಷ್ಟು ಫಲ ಸಿಗುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್ಟನ್ನು ಹೊರಗೆ ಜಗಲಿಗೋ ತಾರಸಿಗೋ ತನ್ನಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪ್ರೊಸೆಸರ್ ಫ್ಯಾನಿನ ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರೆ ಮಾಡಿ. ಕಂಬಳಿ ಇರುವುದು ಫ್ಯಾನಿನ ಅಡಿಯಲ್ಲಿ, ಮೇಲಿಂದ ಊದಿದರೆ ಅದು ಇನ್ನೂ ಒಳಕ್ಕೆ ಕೂರುತ್ತದೆ. ಒಣಗಿದ ಪೇಂಟ್ ಬ್ರಷ್ ಒಂದು ಸಾಕು. ತಗಡಿನ ಉದ್ದಕ್ಕೂ ಎಳೆಯಿರಿ, ಅಡ್ಡ ಎಳೆದರೆ ತಗಡು ಬಾಗುತ್ತದೆ. ಬ್ಲೋವರ್ ಇದ್ದರೆ ಬಳಸಿ, ಆದರೆ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಫ್ಯಾನ್ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಹೊಡೆಸುವವರನ್ನು ನೋಡಿದ್ದೇನೆ. ಆ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಗಾಳಿ ಜತೆ ಅದೂ ಬೋರ್ಡಿನ ಮೇಲೆ ಬೀಳುತ್ತದೆ. ಬೇಡ.

ಎಸ್‌ಎಂಪಿಎಸ್ಸನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯ ಆಗುವಷ್ಟು ವೋಲ್ಟೇಜ್ ಉಳಿದಿರಬಹುದು. ಹೊರಗಿನ ಜಾಲರಿಯನ್ನು ಬ್ರಷ್‌ನಲ್ಲಿ ಒರೆಸಿ, ಹಿಂದಿನಿಂದ ಮೆಲ್ಲಗೆ ಊದಿ, ಅಷ್ಟೇ.

ಹೇಗೂ ಬಾಗಿಲು ತೆಗೆದಾಗಿದೆ, ಹಾಗೇ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಕೂಡ ಬದಲಿಸಿ. ಐದಾರು ವರ್ಷದ ಪೇಸ್ಟ್ ಒಣಗಿ ಸುಣ್ಣದ ಪುಡಿ ಥರ ಉದುರುತ್ತದೆ. ಅದು ಒಣಗಿದರೆ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ದಾಟುವುದಿಲ್ಲ. ಹೀಟ್‌ಸಿಂಕ್ ತೆಗೆಯುವ ಮುಂಚೆ ಫ್ಯಾನನ್ನು ಮತ್ತೆ ಕೂರಿಸಿ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಪೇಸ್ಟ್ ಸ್ವಲ್ಪ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ನೇರ ಮೇಲಕ್ಕೆ ಕೀಳದೆ ಆಚೀಚೆ ತಿರುವಿ ಬಿಡಿಸಿ. ಮೆಡಿಕಲ್ ಸ್ಟೋರಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಹತ್ತಿಯಲ್ಲಿ ಅದ್ದಿ ಎರಡೂ ಕಡೆ ಹೊಳೆಯುವ ತನಕ ಒರೆಸಿ. ಒಣಗಲಿ. ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತೇನಿಲ್ಲ, ಸುತ್ತ ಹರಿದು ಗಲೀಜಾಗುತ್ತದೆ ಅಷ್ಟೇ.

ಹವಾಯಿ ಚಪ್ಪಲಿ, ಸೈಕಲ್ ಟ್ಯೂಬ್, ಎಲಾಸ್ಟಿಕ್

ನಡುಕದ ಸದ್ದಿಗೆ ನಮ್ಮೂರಿನ ಬೀದಿಯಲ್ಲೇ ಮದ್ದಿದೆ. ಹಾರ್ಡ್ ಡಿಸ್ಕಿನ ನಡುಕ ಕ್ಯಾಬಿನೆಟ್ ತಗಡಿಗೆ, ಅಲ್ಲಿಂದ ಶೋಕೇಸಿನ ಪ್ಲೈವುಡ್ಡಿಗೆ ಹತ್ತುತ್ತದೆ. ಪ್ಲೈವುಡ್ ಅಗಲವಾಗಿರುವುದರಿಂದ ಅದೇ ಒಂದು ದೊಡ್ಡ ಸ್ಪೀಕರ್ ಆಗಿಬಿಡುತ್ತದೆ. ಕ್ಯಾಬಿನೆಟ್ಟನ್ನು ಎರಡೂ ಕೈಯಲ್ಲಿ ಒಂದಿಂಚು ಎತ್ತಿ ನೋಡಿ. ಎತ್ತಿದ ತಕ್ಷಣ ಗುಂಯ್ ನಿಂತರೆ ರೋಗ ಇದೇ.

ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಭಾಗದಿಂದ ಎರಡು ಇಂಚಿನ ನಾಲ್ಕು ತುಂಡು ಕೊಯ್ದು ಕ್ಯಾಬಿನೆಟ್ಟಿನ ನಾಲ್ಕು ಮೂಲೆಗೆ ಇಡಿ. ಆ ಸ್ಪಾಂಜ್ ರಬ್ಬರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೀರಾ ಒತ್ತಿ ಚಪ್ಪಟೆಯಾಗಿರುವ ಜಾಗದ್ದು ಬೇಡ, ಬೆರಳಲ್ಲಿ ಒತ್ತಿದರೆ ಮತ್ತೆ ಏಳುವಂಥದ್ದು ಆರಿಸಿ.

ಹಾರ್ಡ್ ಡಿಸ್ಕಿಗೆ ಮತ್ತು ಫ್ಯಾನಿಗೆ ಸೈಕಲ್ ಟ್ಯೂಬ್. ಪಂಕ್ಚರ್ ಅಂಗಡಿಗೆ ಹೋಗಿ "ಅಣ್ಣಾ, ಬಿಸಾಕೋ ಟ್ಯೂಬ್ ಒಂದ್ ತುಂಡು ಇದ್ರೆ ಕೊಡಿ" ಅಂದರೆ "ಅಲ್ಲಿ ಬಿದ್ದದೆ ನೋಡಿ ಸಾರ್, ತಗೊಳ್ಳಿ" ಅಂತ ಕೊಡುತ್ತಾರೆ, ದುಡ್ಡೂ ಕೇಳುವುದಿಲ್ಲ. ಅದನ್ನು ಕಾಸಿನಗಲ ಕತ್ತರಿಸಿ, ನಡುವೆ ತೂತು ಮಾಡಿ, ಸ್ಕ್ರೂಗೂ ತಗಡಿಗೂ ನಡುವೆ ಒಂದು, ತಗಡಿಗೂ ಡಿಸ್ಕಿಗೂ ನಡುವೆ ಒಂದು ವಾಷರ್ ಥರ ಹಾಕಿ. ಸ್ಕ್ರೂವನ್ನು ಗಟ್ಟಿಯಾಗಿ ಬಿಗಿ ಮಾಡಿದರೆ ರಬ್ಬರ್ ಹಾಕಿಯೂ ಪ್ರಯೋಜನ ಇಲ್ಲ, ಕೈಯಲ್ಲಿ ತಿರುಗಿಸುವಷ್ಟಕ್ಕೇ ನಿಲ್ಲಿಸಿ.

ಇದಕ್ಕಿಂತಲೂ ಚೆನ್ನಾಗಿ ಕೆಲಸ ಮಾಡುವುದು ಎಲಾಸ್ಟಿಕ್. ಟೈಲರ್ ಸಾಮಾನಿನ ಅಂಗಡಿಯಲ್ಲಿ ಅರ್ಧ ಇಂಚಿನ ಎಲಾಸ್ಟಿಕ್ ಎರಡು ಮೀಟರ್ ತನ್ನಿ. ಡಿವಿಡಿ ಡ್ರೈವ್ ಕೂರುವ ಅಗಲದ ಖಾನೆ ಈಗ ಖಾಲಿ ಬಿದ್ದಿರುತ್ತದಲ್ವಾ, ಅದರ ಎರಡು ಪಕ್ಕದ ತೂತುಗಳಿಗೆ ಎಲಾಸ್ಟಿಕ್ಕನ್ನು ಎಂಟರ ಆಕಾರದಲ್ಲಿ ಹಾಯಿಸಿ, ನಡುವಿನ ಕುಣಿಕೆಯಲ್ಲಿ ಹಾರ್ಡ್ ಡಿಸ್ಕನ್ನು ಮಲಗಿಸಿ ತೂಗುಬಿಡಿ. ಡಿಸ್ಕ್ ಯಾವ ಕಡೆಯೂ ತಗಡಿಗೆ ತಾಗಬಾರದು. ಗುಂಯ್ ಅನ್ನುವುದು ಹೆಚ್ಚುಕಮ್ಮಿ ಮಾಯವಾಗುತ್ತದೆ. ಎರಡು ಮಾತು ನೆನಪಿಡಿ. ಇಂಥ ಕ್ಯಾಬಿನೆಟ್ಟನ್ನು ಓಡುವಾಗ ಎತ್ತಿ ಆಚೀಚೆ ಇಡಬೇಡಿ, ಬೇರೆ ಊರಿಗೆ ಸಾಗಿಸುವಾಗಲಂತೂ ಡಿಸ್ಕನ್ನು ಮತ್ತೆ ಸ್ಕ್ರೂ ಹಾಕಿ ಕೂರಿಸಿ. ಇನ್ನೊಂದು, ತೂಗುಬಿಟ್ಟ ಡಿಸ್ಕಿಗೆ ತಗಡಿನ ಮೂಲಕ ಬಿಸಿ ಹೊರಹೋಗುವ ದಾರಿ ತಪ್ಪುತ್ತದೆ, ಅದರ ಬಿಸಿ 45 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ.

ಇದೇ ಜಾಗದಲ್ಲಿ ಸ್ಪಾಂಜ್ ವಿಷಯವೂ ಹೇಳಿಬಿಡುತ್ತೇನೆ. ಹಾಸಿಗೆ ಅಂಗಡಿಯ ಫೋಮ್ ತಂದು ಕ್ಯಾಬಿನೆಟ್ ಒಳಗೆಲ್ಲ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಬಿಸಿ ಒಳಗೇ ಉಳಿದು ಫ್ಯಾನ್ ಇನ್ನೂ ಜೋರಾಗುತ್ತದೆ, ಮೇಲಾಗಿ ಆ ಫೋಮ್‌ಗೆ ಬೆಂಕಿ ಬೇಗ ಹತ್ತುತ್ತದೆ.

ಫ್ಯಾನ್ ನಿಧಾನ ಮಾಡುವುದು

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದರ ಗಾಳಿ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ, ಆದರೆ ಗಾಳಿಯ ಪ್ರಮಾಣ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಈ ವ್ಯಾಪಾರ ಯಾವಾಗಲೂ ನಮಗೆ ಲಾಭದ್ದೇ. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿಯೂ ಸಣ್ಣ ಫ್ಯಾನಿನಷ್ಟೇ ಗಾಳಿ ಕೊಡುವುದರಿಂದ 80 ಮಿಲಿಮೀಟರ್ ಫ್ಯಾನ್ ಜಾಗದಲ್ಲಿ 120 ಮಿಲಿಮೀಟರಿನದು ಕೂರುವ ಹಾಗಿದ್ದರೆ ಕೂರಿಸಿ.

ಮೊದಲು ಬಯಾಸ್ (ವಿಂಡೋಸ್ ಶುರುವಾಗುವ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ನೋಡಿ, ಅದಕ್ಕೆ ಕಾಸಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಒಳಗೆ ಹೋಗಬಹುದು, ಎಚ್‌ಪಿ ಆದರೆ ಎಫ್10. ಆಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟಿನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ. ಅದನ್ನು ಸೈಲೆಂಟ್ ಮಾಡಿ. ಎಷ್ಟೋ ಮನೆಗಳಲ್ಲಿ ಇದು ಆಫ್ ಆಗಿಯೇ ಇರುತ್ತದೆ, ಫ್ಯಾನ್ ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ಸುಮ್ನೆ ತಿರುಗುತ್ತಿರುತ್ತದೆ. ಫ್ಯಾನಿನ ವೈರ್ ನಾಲ್ಕು ಪಿನ್ನಿನದೋ ಮೂರು ಪಿನ್ನಿನದೋ ನೋಡಿಕೊಳ್ಳಿ. ನಾಲ್ಕರದಾದರೆ ಪಿಡಬ್ಲ್ಯುಎಂ, ಮೂರರದಾದರೆ ವೋಲ್ಟೇಜ್ ಅಥವಾ ಡಿಸಿ ಅಂತ ಆಯ್ಕೆ ಮಾಡಬೇಕು. ತಪ್ಪಿ ಮೂರು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ ಕೊಟ್ಟರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ.

ಬಯಾಸಿನಲ್ಲಿ ದಾರಿ ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶ ಇದೆ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಜತೆಗೆ ಬರುವ ಪಿಡಬ್ಲ್ಯುಎಂಕಾನ್ಫಿಗ್ ಇದೆ. ವೇಗವನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಿ, ಫ್ಯಾನ್ ನಿಂತುಹೋಗುವ ಮಟ್ಟ ಗೊತ್ತಾಗಲಿ, ಅದಕ್ಕಿಂತ ಸಾಕಷ್ಟು ಮೇಲೆ ನಿಲ್ಲಿಸಿ. ಬಿಸಿಯ ಜತೆ ವೇಗ ಏರಿಳಿಯುವ ಗೆರೆಯನ್ನು ಉದ್ದಕ್ಕೆ, ನಯವಾಗಿ ಎಳೆಯಿರಿ. ನಿಮಿಷಕ್ಕೊಮ್ಮೆ ಏರಿ ಇಳಿಯುವ ಫ್ಯಾನ್ ಒಂದೇ ಸಮ ತಿರುಗುವ ಫ್ಯಾನಿಗಿಂತ ಜಾಸ್ತಿ ಕಿರಿಕಿರಿ ಮಾಡುತ್ತದೆ, ಅದರ ಸದ್ದು ನಿಜಕ್ಕೂ ಕಡಿಮೆ ಇದ್ದರೂ ಸಹ.

ಕ್ಯಾಬಿನೆಟ್ ಫ್ಯಾನ್ ನೇರ ಎಸ್‌ಎಂಪಿಎಸ್ ವೈರಿಗೆ ಸಿಕ್ಕಿಸಿದ್ದರೆ ಬೋರ್ಡಿನ ಮಾತು ಅದಕ್ಕೆ ಕೇಳಿಸುವುದಿಲ್ಲ. ಅಂಥದಕ್ಕೆ ಹಳೇ ಉಪಾಯ ಒಂದಿದೆ. ನಾಲ್ಕು ಪಿನ್ನಿನ ದೊಡ್ಡ ಮೋಲೆಕ್ಸ್ ಪ್ಲಗ್ಗಿನಲ್ಲಿ ಹಳದಿ ವೈರ್ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡೂ ಅರ್ಥ್. ಫ್ಯಾನಿನ ಕೆಂಪು ವೈರನ್ನು ಹಳದಿಯಿಂದ ಬಿಡಿಸಿ ಪ್ಲಗ್ಗಿನ ಕೆಂಪಿಗೆ ಕೊಟ್ಟರೆ ಅದು 5 ವೋಲ್ಟಿನಲ್ಲಿ ಮೆಲ್ಲಗೆ ತಿರುಗುತ್ತದೆ. ಕೆಲವು ಫ್ಯಾನ್ 5 ವೋಲ್ಟಿನಲ್ಲಿ ಶುರುವಾಗುವುದೇ ಇಲ್ಲ, ಹತ್ತು ಸಲ ಆನ್ ಆಫ್ ಮಾಡಿ ಪ್ರತಿ ಸಲವೂ ತಾನೇ ತಿರುಗುತ್ತದಾ ಅಂತ ನೋಡಿ. ವೈರ್ ಕೆಲಸ ಕೈಗೆ ಒಗ್ಗದವರು ಕೆಲವು ಫ್ಯಾನಿನ ಜತೆ ಬರುವ ರೆಸಿಸ್ಟರ್ ಇರುವ ಗಿಡ್ಡ ವೈರನ್ನೇ ಬಳಸಿ.

ಕರಕರ ಅನ್ನುವ ಫ್ಯಾನಿಗೆ ನಡುವಿನ ಸ್ಟಿಕ್ಕರ್ ಅರ್ಧ ಎತ್ತಿ, ರಬ್ಬರ್ ಬಿರಡೆ ಇದ್ದರೆ ತೆಗೆದು, ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಬಿಡಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಬೇಡ. ಇದು ಕೆಲವು ತಿಂಗಳ ಮಾತು, ಅಷ್ಟರಲ್ಲಿ ಹೊಸದಕ್ಕೆ ದುಡ್ಡು ಎತ್ತಿಡಬಹುದು.

ಪ್ರೊಸೆಸರ್‌ಗೆ ಕೆಲಸ ಕಡಿಮೆ ಕೊಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ವಿಡಿಯೋ ಫೈಲನ್ನು ಬಿಡಿಸಿ ತೋರಿಸುವ ಕೆಲಸಕ್ಕೆ ಚಿಪ್ಪಿನೊಳಗೇ ಬೇರೆ ಒಂದು ಭಾಗ ಇರುತ್ತದೆ. ಆ ಭಾಗ ಕೆಲಸ ಮಾಡಿದರೆ ಕರೆಂಟೂ ಸ್ವಲ್ಪವೇ, ಬಿಸಿಯೂ ಸ್ವಲ್ಪವೇ. ಅದಕ್ಕೆ ಗೊತ್ತಿಲ್ಲದ ನಮೂನೆಯ ವಿಡಿಯೋ ಬಂದರೆ ಇಡೀ ಪ್ರೊಸೆಸರ್ ಮೈಮುರಿದು ದುಡಿಯಬೇಕು, ಫ್ಯಾನ್ ಏಳುತ್ತದೆ. ಎಚ್.264, ಎಚ್.265, ವಿಪಿ9, ಎವಿ1 ಅನ್ನುವುವು ಇಂಥ ನಮೂನೆಗಳ ಹೆಸರು. ಇಂಟೆಲ್‌ನಲ್ಲಿ ಹೀಗಿದೆ: 2013ರ ನಾಲ್ಕನೇ ಪೀಳಿಗೆಯ ಚಿಪ್ಪಿಗೆ ಎಚ್.264 ಚೆನ್ನಾಗಿ ಬರುತ್ತದೆ. 2015ರ ಆರನೆಯದಕ್ಕೆ ಎಚ್.265ರ 8 ಬಿಟ್ ಬರುತ್ತದೆ. 2017ರ ಏಳನೆಯದರಲ್ಲಿ 10 ಬಿಟ್ಟೂ ಬಂತು, ಯೂಟ್ಯೂಬಿನ ವಿಪಿ9 ಕೂಡ ಸರಿಯಾಗಿ ಬಂತು. ಎವಿ1 ಬೇಕಾದರೆ ಹನ್ನೊಂದನೆಯದು ಅಥವಾ ಆಮೇಲಿನದೇ ಆಗಬೇಕು.

ಯೂಟ್ಯೂಬ್ ವಿಡಿಯೋ ಓಡುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆಗೆಯಿರಿ. ಕೋಡೆಕ್ಸ್ ಅನ್ನುವ ಸಾಲಿನಲ್ಲಿ ಎವಿ01 ಅಥವಾ ವಿಪಿ09 ಅಂತ ಇದ್ದು, ನಿಮ್ಮ ಚಿಪ್ ಹಳೆಯದಾಗಿದ್ದರೆ ಫ್ಯಾನಿನ ಆರ್ಭಟಕ್ಕೆ ಕಾರಣ ಸಿಕ್ಕಿತು. ಬ್ರೌಸರಿಗೆ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದು ಯೂಟ್ಯೂಬಿನಿಂದ ಎಚ್.264 ವಿಡಿಯೋವನ್ನೇ ಕೇಳಿ ತರಿಸುತ್ತದೆ. 1080ಕ್ಕಿಂತ ಮೇಲಿನ ಗುಣಮಟ್ಟ ಇದರಲ್ಲಿ ಸಿಗುವುದಿಲ್ಲ, ಆದರೆ 32 ಇಂಚಿನ ಟಿವಿಗೆ ಅದು ಧಾರಾಳ.

ವಿಂಡೋಸ್‌ನಲ್ಲಿ ಇನ್ನೊಂದು ಸೆಟ್ಟಿಂಗ್. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ನೋಡಲು ಒಂದೇ ಅಂಕಿ ವ್ಯತ್ಯಾಸ, ಆದರೆ ಇದರಿಂದ ಪ್ರೊಸೆಸರ್ ಆಗಾಗ ವೇಗ ಏರಿಸಿಕೊಳ್ಳುವ ಟರ್ಬೋ ಬೂಸ್ಟ್ ನಿಂತುಹೋಗುತ್ತದೆ. ಪುಟ ತೆರೆದಾಗಲೆಲ್ಲ ಒಂದು ಕ್ಷಣ ಜುಂಯ್ ಅಂತ ಏರುತ್ತಿದ್ದ ಫ್ಯಾನ್ ಆಮೇಲೆ ಏರುವುದಿಲ್ಲ. ಸಿನಿಮಾ ನೋಡಲು ಟರ್ಬೋ ಬೇಕಾಗಿಯೇ ಇಲ್ಲ.

ಹಳೇ ಗ್ರಾಫಿಕ್ಸ್ ಕಾರ್ಡ್ ಇದೆಯಾ? ಗೇಮ್ ಆಡದವರು ಕಿತ್ತುಬಿಡಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಟಿವಿಗೆ ಸಾಕು. ಒಂದು ಫ್ಯಾನ್ ಪೂರ್ತಿ ಕಡಿಮೆಯಾಗುತ್ತದೆ. ಬೋರ್ಡಿನಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದೆಯಾ, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ ಅಂತ ಅರ್ಥ.

ಡಿಸ್ಕ್ ಮತ್ತು ಎಸ್‌ಎಂಪಿಎಸ್

ದುಡ್ಡು ಖರ್ಚು ಮಾಡುವ ಹಾಗಿದ್ದರೆ ಮೊದಲ ಖರ್ಚು ಸಣ್ಣದೊಂದು ಎಸ್‌ಎಸ್‌ಡಿ (ಬರೀ ಚಿಪ್ಪಿನ ಡಿಸ್ಕ್) ಆಗಲಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ವಿಂಡೋಸ್ ಅಥವಾ ಲಿನಕ್ಸ್ ಅದರ ಮೇಲಿರಲಿ. ಸಿನಿಮಾ ತುಂಬಿದ ದೊಡ್ಡ ಡಿಸ್ಕ್ ಬೇಕಾದಾಗ ಮಾತ್ರ ಎದ್ದರೆ ಸಾಕು: ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲೇ ಇಷ್ಟು ನಿಮಿಷ ಸುಮ್ಮನಿದ್ದರೆ ಡಿಸ್ಕ್ ನಿಲ್ಲಲಿ ಅಂತ ಹೇಳಬಹುದು, 20 ನಿಮಿಷ ಇಡಿ. ತೀರಾ ಕಡಿಮೆ ಇಟ್ಟರೆ ಮೇಲಿಂದ ಮೇಲೆ ನಿಂತು ಏಳುತ್ತಾ ಡಿಸ್ಕ್ ಸವೆಯುತ್ತದೆ. ನಿಮ್ಮ ವೈಫೈ ರೂಟರಿಗೆ ಯುಎಸ್‌ಬಿ ತೂತಿದ್ದರೆ ಇನ್ನೂ ಒಳ್ಳೆಯದು, ಡಿಸ್ಕನ್ನು ಅಲ್ಲಿಗೇ ಸಿಕ್ಕಿಸಿ ಬೇರೆ ರೂಮಿಗೆ ಸಾಗಹಾಕಿ, ಕೋಡಿ ಅನ್ನುವ ಉಚಿತ ಪ್ಲೇಯರಿನಲ್ಲಿ ನೆಟ್‌ವರ್ಕ್ ಮೂಲಕ ನೋಡಿ.

ಎಸ್‌ಎಂಪಿಎಸ್ ಸದ್ದು ಮಾಡುತ್ತಿದ್ದರೆ ಬದಲಿಸುವುದೊಂದೇ ದಾರಿ. ಕ್ಯಾಬಿನೆಟ್ ಜತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ಗಳು ಬಿಸಿಯಾಗುವುದೂ ಜಾಸ್ತಿ, ಗದ್ದಲವೂ ಜಾಸ್ತಿ. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಗುರುತಿರುವ, 120 ಮಿಲಿಮೀಟರ್ ಫ್ಯಾನಿನದು ತಗೊಳ್ಳಿ. ನಮ್ಮಂಥ ಕಂಪ್ಯೂಟರ್ ಸಿನಿಮಾ ತೋರಿಸುವಾಗ ನೂರು ವ್ಯಾಟ್ ಕೂಡ ಮುಟ್ಟುವುದಿಲ್ಲ, ಆದ್ದರಿಂದ 400 ವ್ಯಾಟಿನದ್ದೇ ಹೆಚ್ಚಾಯಿತು. ಅಂಗಡಿಯವರು 650 ತಗೊಳ್ಳಿ ಅಂದರೆ ಬೇಡ ಅನ್ನಿ.

ಕರೆಂಟ್ ಹೋದಾಗ ಮಾತ್ರ ಎಸ್‌ಎಂಪಿಎಸ್ ಅಥವಾ ಸ್ಪೀಕರ್ ಜೀ ಅನ್ನುತ್ತಿದ್ದರೆ ದೋಷ ಕಂಪ್ಯೂಟರಿನದಲ್ಲ. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟ್ ಹಾಗೇ, ಅದಕ್ಕೆ ಸೀಲಿಂಗ್ ಫ್ಯಾನೂ ಗೊಣಗುತ್ತದೆ. ಮುಂದೆ ಇನ್ವರ್ಟರ್ ಬದಲಿಸುವಾಗ ಸೈನ್ ವೇವ್ ಇರುವುದನ್ನು ಕೇಳಿ ತಗೊಳ್ಳಿ.

ಎಲ್ಲಿಡುತ್ತೀರಿ ಅನ್ನುವುದು

ಬಾಗಿಲು ಮುಚ್ಚಿದ ಶೋಕೇಸಿನೊಳಗೆ ಇಟ್ಟರೆ ಸದ್ದು ಮೊದಲ ಅರ್ಧ ಗಂಟೆ ಕಡಿಮೆ, ಆಮೇಲೆ ಎರಡರಷ್ಟು. ಒಳಗಿನ ಗಾಳಿ ಬಿಸಿಯಾಗಿ ಅದೇ ಗಾಳಿ ಸುತ್ತುತ್ತಿರುತ್ತದೆ. ಶೋಕೇಸಲ್ಲೇ ಇಡಬೇಕಾದರೆ ಆಚಾರಿಯವರನ್ನು ಕರೆಸಿ ಹಿಂದಿನ ಪ್ಲೈವುಡ್ಡಿನಲ್ಲಿ ಕೆಳಗೊಂದು ಮೇಲೊಂದು ಅಂಗೈ ಅಗಲದ ಕಿಂಡಿ ಕೊರೆಸಿ. ತಣ್ಣನೆ ಗಾಳಿ ಕೆಳಗಿಂದ ಬಂದು ಬಿಸಿ ಗಾಳಿ ಮೇಲಿಂದ ಹೋಗುತ್ತದೆ.

ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗೆ ತಾಗಿ ವಾಪಸ್ ಬರುವುದರಿಂದ ಅಷ್ಟು ಇಳಿಯದಿದ್ದರೂ ಐದು ಮೀಟರಿನ ಎಚ್‌ಡಿಎಂಐ ಕೇಬಲ್ ಒಂದು ಕೊಂಡು ಕ್ಯಾಬಿನೆಟ್ಟನ್ನು ಕೋಣೆಯ ದೂರದ ಮೂಲೆಗೆ, ಸಾಧ್ಯವಾದರೆ ಗೋಡೆಯಾಚೆ ಇಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ರೆಡ್ ಆಕ್ಸೈಡ್ ನೆಲ, ಬರಿಗೋಡೆ ಇರುವ ಹಾಲ್‌ನಲ್ಲಿ ಸದ್ದು ಮೊಳಗುವುದು ಜಾಸ್ತಿ. ಕ್ಯಾಬಿನೆಟ್ ಹಿಂದಿನ ಗೋಡೆಗೆ ಒಂದು ದಪ್ಪ ಜಮಖಾನ ನೇತುಹಾಕಿ ನೋಡಿ, ಅದರ ಹಿಂದಿನ ಫ್ಯಾನಿಗೂ ಜಮಖಾನಕ್ಕೂ ನಡುವೆ ಒಂದು ಅಡಿ ಬಿಡುವಿರಲಿ.

ಇಷ್ಟೆಲ್ಲ ಬೇಡ, ಬೇರೆಯದೇ ತಗೋತೀನಿ ಅನ್ನುವವರಿಗೆ

ಆಫೀಸುಗಳಿಂದ ಹೊರಬಿದ್ದ ಪುಸ್ತಕದಷ್ಟು ಗಾತ್ರದ ಕಂಪ್ಯೂಟರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಪ್ರೊಸೆಸರ್ ಹೆಸರಿನ ಕೊನೆಗೆ ಟಿ ಇರುವುದನ್ನೇ ಕೇಳಿ, ಅವು 35 ವ್ಯಾಟಿನವು. ಎಸ್‌ಎಂಪಿಎಸ್ ಬದಲು ಲ್ಯಾಪ್‌ಟಾಪಿನ ಥರ ಅಡಾಪ್ಟರ್ ಇರುತ್ತದೆ, ಅದಕ್ಕೆ ಫ್ಯಾನೇ ಇಲ್ಲ. ಒಟ್ಟು ಒಂದೇ ಫ್ಯಾನ್. ಟಿವಿ ಹಿಂದೆ ಸ್ಕ್ರೂ ಹಾಕಿ ಕೂರಿಸಬಹುದು. ಹೊಸದೇ ಬೇಕಾದರೆ 6 ವ್ಯಾಟಿನ ಇಂಟೆಲ್ ಎನ್100 ಚಿಪ್ಪಿನ ಮಿನಿ ಕಂಪ್ಯೂಟರ್ ನೋಡಿ, ಅದಕ್ಕೆ ಎವಿ1 ಕೂಡ ಬರುತ್ತದೆ.

ತುಮಕೂರಿನ ಅಂಗಡಿಗಳಲ್ಲೂ ತರಿಸಿ ಕೊಡುತ್ತಾರೆ, ತೊಂದರೆಯಾದರೆ ನಡೆದುಕೊಂಡು ಹೋಗಿ ಕೇಳಬಹುದು. ಆಯ್ಕೆ ಬೇಕಾದವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಅಲ್ಲಿನ ಗದ್ದಲದಲ್ಲಿ ಫ್ಯಾನಿನ ಸದ್ದು ಕೇಳಿಸುವುದೇ ಇಲ್ಲ. ಕಂಪ್ಯೂಟರನ್ನು ಕಿವಿಗೆ ಹಿಡಿದು, ಯೂಟ್ಯೂಬ್ ಹಾಕಿಸಿ ಹತ್ತು ನಿಮಿಷ ಓಡಿಸಿಯೇ ದುಡ್ಡು ಕೊಡಿ. ಅಡಾಪ್ಟರ್ ಒರಿಜಿನಲ್ಲಾ ಅಂತ ನೋಡಿ.

ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಎಂಟನೇ ಪೀಳಿಗೆಗಿಂತ ಹಳೆಯದಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅಂಥದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಬರೀ ಸಿನಿಮಾ ಮತ್ತು ಹಾಡಿಗಾದರೆ ಲಿಬ್ರೆಎಲೆಕ್. ಎರಡೂ ಉಚಿತ. ಹಣ ಕಟ್ಟಿ ನೋಡುವ ಒಟಿಟಿಗಳಲ್ಲಿ ಕೆಲವು ಲಿನಕ್ಸ್ ಬ್ರೌಸರಿನಲ್ಲಿ ಪೂರ್ತಿ ಗುಣಮಟ್ಟ ಕೊಡುವುದಿಲ್ಲ, ಅದೇ ಮುಖ್ಯವಾದವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ಬೇಸಿಗೆ ಪರೀಕ್ಷೆ

ಡಿಸೆಂಬರಿನ ಚಳಿಯಲ್ಲಿ ಮಾಡಿದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನಕ್ಕೆ ನಿಲ್ಲುತ್ತದೆ ಅಂತ ಹೇಳಲಾಗದು. ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಇದು ಇನ್ನೂ ಮುಖ್ಯ. ಬಿಸಿಲಿನ ದಿನ ಎರಡೂವರೆ ಗಂಟೆಯ ಸಿನಿಮಾ ಒಂದನ್ನು ಪೂರ್ತಿ ಓಡಿಸಿ, ಎಚ್‌ಡಬ್ಲ್ಯುಇನ್ಫೋ ಅನ್ನುವ ತಂತ್ರಾಂಶದಲ್ಲಿ ಬಿಸಿ ನೋಡಿ. ಪ್ರೊಸೆಸರ್ 80 ಡಿಗ್ರಿಯೊಳಗಿದ್ದರೆ ನಿಶ್ಚಿಂತೆ. ಇಂಟೆಲ್‌ನ ಬಹಳಷ್ಟು ಚಿಪ್ 100ರ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗುವುದಿಲ್ಲ. ಆದರೂ ಅಲ್ಲಿತನಕ ಹೋಗುತ್ತಿದ್ದರೆ ಫ್ಯಾನಿನ ವೇಗ ಒಂದು ಹಂತ ಏರಿಸಿ, ನಾಲ್ಕು ತಿಂಗಳು ಸ್ವಲ್ಪ ಸದ್ದು ಸಹಿಸಿಕೊಳ್ಳುವುದೇ ಸರಿ. ಯುಗಾದಿಗೆ ಮನೆ ಧೂಳು ಹೊಡೆಯುವ ದಿನವೇ ಇದರದ್ದೂ ಹೊಡೆಯಿರಿ, ದೀಪಾವಳಿಗೆ ಇನ್ನೊಮ್ಮೆ.

ಎಲ್ಲ ಸರಿಯಾಗಿದ್ದ ಕಂಪ್ಯೂಟರ್ ಒಂದು ದಿನ ಇದ್ದಕ್ಕಿದ್ದಂತೆ ಮತ್ತೆ ಗೊರ್ ಅನ್ನಲು ಶುರುಮಾಡಿದರೆ ಮೊದಲು ಪರದೆಯ ಮೂಲೆಯ ತಾರೀಕು, ಗಂಟೆ ನೋಡಿ. ಅದು ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಮುಗಿದಿದೆ, ಬಯಾಸಿನಲ್ಲಿ ಮಾಡಿದ ಫ್ಯಾನ್ ಸೆಟ್ಟಿಂಗ್ ಅಳಿಸಿಹೋಗಿದೆ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು ಹೊಸ ಸೆಲ್ ಹಾಕಿ, ಬಯಾಸಿಗೆ ಹೋಗಿ ತಾರೀಕು ಸರಿಮಾಡಿ, ಫ್ಯಾನನ್ನು ಮತ್ತೆ ಸೈಲೆಂಟ್‌ಗೆ ಇಡಿ.